ಏರಿಯ ಮೇಲಿಂದ ನೀರುಹಕ್ಕಿಗಳ ಗುರುತು: ಹೊಸಬರು ಎಲ್ಲಿಂದ ಆರಂಭಿಸಬೇಕು?

2024ರ ಜನವರಿ ಕೊನೆಯಲ್ಲಿ ಕರ್ನಾಟಕದ ಮೂರು ತಾಣಗಳು ಒಟ್ಟಿಗೇ ರಾಮ್ಸಾರ್ ಪಟ್ಟಿಗೆ ಸೇರಿದವು: ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಅದಕ್ಕೂ ಮೊದಲು, 2022ರಲ್ಲಿ, ರಂಗನತಿಟ್ಟು ಈ ಗೌರವ ಪಡೆದಿತ್ತು. ರಾಮ್ಸಾರ್ ಎಂಬುದು ಇರಾನಿನ ಒಂದು ಪಟ್ಟಣ. ಕೆರೆ, ಜೌಗು, ಅಳಿವೆಗಳಂಥ ನೀರಿನ ನೆಲೆಗಳನ್ನು ಕಾಪಾಡಲು 1971ರಲ್ಲಿ ಅಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಪಟ್ಟಿಗೆ ಸೇರಿದ ಸುದ್ದಿ ಓದಿದ ಅನೇಕರು ಮಕ್ಕಳನ್ನು ಕರೆದುಕೊಂಡು ಕೆರೆಗಳತ್ತ ಹೊರಟರು. ಏರಿ ಹತ್ತಿ ನಿಂತಾಗ ಎದುರಾದದ್ದು ಒಂದೇ ಪ್ರಶ್ನೆ: ಇಷ್ಟೊಂದು ಹಕ್ಕಿಗಳಲ್ಲಿ ಯಾವುದು ಯಾವುದು?

ಕೈಪಿಡಿ ತೆರೆದರೆ ಗೊಂದಲ ಹೆಚ್ಚುತ್ತದೆ. ಒಂದೇ ಪುಟದಲ್ಲಿ ಹತ್ತು ಕಂದು ಹಕ್ಕಿಗಳು, ಇನ್ನೊಂದರಲ್ಲಿ ನಾಲ್ಕು ಬಿಳಿಯವು. ಹೊಸಬರು ಸಾಮಾನ್ಯವಾಗಿ ಬಣ್ಣವನ್ನು ಹಿಡಿದು ಹೊರಡುತ್ತಾರೆ. ಆದರೆ ನೀರುಹಕ್ಕಿಗಳ ವಿಷಯದಲ್ಲಿ ಬಣ್ಣ ತುಂಬಾ ದಾರಿ ತಪ್ಪಿಸುತ್ತದೆ. ಎದುರುಬಿಸಿಲಿನಲ್ಲಿ ಎಲ್ಲವೂ ಕಪ್ಪು. ಮರಿಗೊಂದು ಬಣ್ಣ, ಬೆಳೆದದ್ದಕ್ಕೊಂದು. ಗೂಡು ಕಟ್ಟುವ ಕಾಲದ ಬಣ್ಣ ಉಳಿದ ತಿಂಗಳುಗಳಲ್ಲಿ ಇರುವುದಿಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟು: ಹಕ್ಕಿ ಎಲ್ಲಿದೆ, ಏನು ಮಾಡುತ್ತಿದೆ, ಅದರ ಕಾಲು ಮತ್ತು ಕೊಕ್ಕು ಹೇಗಿವೆ ಎಂಬುದನ್ನು ಮೊದಲು ನೋಡಿ. ಬಣ್ಣದ ಸರದಿ ಕೊನೆಗೆ.

ಹಕ್ಕಿಗೂ ಮೊದಲು ಕೆರೆ

ನಮ್ಮ ಬಯಲುಸೀಮೆಯ ಕೆರೆಗಳು ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಕಟ್ಟಿ ಮಾಡಿದವು. ಹಾಗಾಗಿ ಏರಿಯ ಬುಡದಲ್ಲಿ, ತೂಬಿನ ಆಸುಪಾಸಿನಲ್ಲಿ ನೀರು ಆಳ. ಎದುರು ದಿಕ್ಕಿಗೆ, ಹಳ್ಳ ಬಂದು ಕೂಡುವ ಕಡೆಗೆ ಹೋದಂತೆ ನೀರು ತೆಳುವಾಗುತ್ತದೆ, ಆಮೇಲೆ ಕೆಸರು, ಆಮೇಲೆ ಹುಲ್ಲು. ಅಂಚಿನಲ್ಲಿ ಅಲ್ಲಲ್ಲಿ ಜೊಂಡು, ನಡುವೆ ತಾವರೆ ಅಥವಾ ನೈದಿಲೆಯ ಎಲೆ ಹಾಸು.

ಪಂಕ್ತಿಯೂಟದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಎಲೆ ಇರುವಂತೆ ಈ ಒಂದೊಂದು ಪಟ್ಟಿಯೂ ಒಂದೊಂದು ಗುಂಪಿನ ಊಟದ ಜಾಗ. ಆಳದಲ್ಲಿ ಮುಳುಗಿ ಮೀನು ಹಿಡಿಯುವ ನೀರುಕಾಗೆ. ಮೊಣಕಾಲುದ್ದದ ನೀರಿನಲ್ಲಿ ಬಕ ಮತ್ತು ಕೊಕ್ಕರೆ. ಅಂಗೈ ಮುಳುಗುವಷ್ಟು ನೀರಿನಲ್ಲಿ ಮೆಟ್ಟುಗಾಲು ಹಕ್ಕಿ. ಕೆಸರಿನ ಅಂಚಿನಲ್ಲಿ ಪುಟ್ಟ ಗೊರವಗಳು. ಎಲೆಹಾಸಿನ ಮೇಲೆ ದೇವನಕ್ಕಿ. ಜೊಂಡಿನೊಳಗೆ ಜಂಬುಕೋಳಿ. ದಡದ ಹುಲ್ಲಿನಲ್ಲಿ ಟಿಟ್ಟಿಭ. ಹಕ್ಕಿ ಯಾವ ಪಟ್ಟಿಯಲ್ಲಿದೆ ಎಂಬುದನ್ನು ಗಮನಿಸಿದರೆ ಕೈಪಿಡಿಯ ಮುಕ್ಕಾಲು ಪುಟಗಳನ್ನು ಬದಿಗಿಡಬಹುದು.

ಇದರಿಂದ ಇನ್ನೊಂದು ಸಂಗತಿಯೂ ಅರ್ಥವಾಗುತ್ತದೆ. ಮಳೆ ಚೆನ್ನಾಗಿ ಆಗಿ ಕೋಡಿ ಹರಿದ ವರ್ಷ ಕೆರೆ ತುಂಬಿ ತುಳುಕುತ್ತಿರುತ್ತದೆ, ಆದರೆ ಗೊರವಗಳು ಕಡಿಮೆ. ಅವಕ್ಕೆ ಬೇಕಾದ ಕೆಸರಿನ ಅಂಚು ನೀರಿನಡಿ ಹೋಗಿರುತ್ತದೆ. ಅವು ಇಲ್ಲವೆಂದು ಕೆರೆ ಕೆಟ್ಟಿದೆ ಎಂದುಕೊಳ್ಳಬೇಕಾಗಿಲ್ಲ. ನೀರು ಇಳಿದಂತೆ ಬರುತ್ತವೆ.

ಕೊಕ್ಕು ಒಂದು ಉಪಕರಣ

ಕಾಲಿನ ಉದ್ದ ಹಕ್ಕಿ ಎಷ್ಟು ಆಳಕ್ಕೆ ಇಳಿಯಬಲ್ಲದು ಎಂಬುದನ್ನು ಹೇಳುತ್ತದೆ. ಅಲ್ಲಿ ಏನು ತಿನ್ನುತ್ತದೆ ಎಂಬುದನ್ನು ಕೊಕ್ಕು ಹೇಳುತ್ತದೆ. ಬಡಗಿಯ ಚೀಲದಲ್ಲಿ ಉಳಿ, ಗರಗಸ, ಇಕ್ಕಳ ಬೇರೆಬೇರೆ ಇರುವಂತೆ ಇಲ್ಲಿಯೂ ಒಂದೊಂದು ಕೆಲಸಕ್ಕೆ ಒಂದೊಂದು ಆಕಾರ.

ಬಕದ ಕೊಕ್ಕು ಭರ್ಜಿ: ನೇರ, ಚೂಪು. ಚಮಚ ಕೊಕ್ಕಿನ ಹಕ್ಕಿ ತನ್ನ ಚಪ್ಪಟೆ ಕೊಕ್ಕನ್ನು ಅರೆತೆರೆದು ನೀರಿನಲ್ಲಿ ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆಯುತ್ತದೆ, ತಗುಲಿದ್ದನ್ನು ಹಿಡಿಯುತ್ತದೆ. ಕೆಂಬರಲಿನ (ಇಂಗ್ಲಿಷಿನಲ್ಲಿ ಐಬಿಸ್) ಕೊಕ್ಕು ಕುಡುಗೋಲಿನಂತೆ ಕೆಳಕ್ಕೆ ಬಾಗಿದೆ. ಅದು ಕೆಸರಿನೊಳಗೆ ಕೈಹಾಕಿ ತಡಕಾಡುವ ಸಾಧನ. ಬಾಯ್ಕಳಕ ಕೊಕ್ಕರೆಯ ಕೊಕ್ಕು ಮುಚ್ಚಿದಾಗಲೂ ನಡುವೆ ಸಂದು ಬಿಟ್ಟಿರುತ್ತದೆ. ಅದರ ಮುಖ್ಯ ಆಹಾರ ಕೆರೆಯ ದೊಡ್ಡ ಬಸವನಹುಳು. ಇದರ ಮರಿಗಳ ಕೊಕ್ಕಿನಲ್ಲಿ ಸಂದು ಇರುವುದಿಲ್ಲ, ಬೆಳೆದಂತೆ ಮೂಡುತ್ತದೆ. ಗೂಡಿನ ಬಳಿ ಸಂದಿಲ್ಲದ ಬೂದು ಕೊಕ್ಕರೆ ಕಂಡರೆ ಅದನ್ನು ಹೊಸ ಜಾತಿ ಎಂದುಕೊಳ್ಳಬೇಡಿ.

ಗಾತ್ರ ಅಳೆಯಲು ಅಡಿ, ಅಂಗುಲ ಬೇಡ. ನಿಮಗೆ ಚೆನ್ನಾಗಿ ಗೊತ್ತಿರುವ ಗುಬ್ಬಚ್ಚಿ, ಗೊರವಂಕ, ಪಾರಿವಾಳ, ಕಾಗೆ ಈ ನಾಲ್ಕೇ ಅಳತೆಗೋಲು ಸಾಕು. ‘ಗೊರವಂಕಕ್ಕಿಂತ ಸ್ವಲ್ಪ ಚಿಕ್ಕದು, ಕಾಲು ಉದ್ದ’ ಎಂದು ಬರೆದುಕೊಂಡರೆ ಅದು ಬಳಸಬಹುದಾದ ಟಿಪ್ಪಣಿ. (ಗೊರವ ಬೇರೆ, ಗೊರವಂಕ ಬೇರೆ. ಮೊದಲನೆಯದು ಕೆಸರಿನಂಚಿನ ಹಕ್ಕಿ, ಎರಡನೆಯದು ಮನೆಯಂಗಳದ ಮೈನಾ.)

ಬಕವೋ, ಕೊಕ್ಕರೆಯೋ?

ಮಾತಿನಲ್ಲಿ ನಾವು ಉದ್ದ ಕಾಲಿನ ಹಕ್ಕಿಗಳನ್ನೆಲ್ಲ ಕೊಕ್ಕರೆ ಎನ್ನುತ್ತೇವೆ. ಹಕ್ಕಿ ನೋಡುವವರು ಇವುಗಳನ್ನು ಎರಡು ಬೇರೆ ಕುಟುಂಬಗಳಾಗಿ ನೋಡುತ್ತಾರೆ. ಬೂದು ಬಕ, ಕೊಳದ ಬಕ, ಬೆಳ್ಳಕ್ಕಿ ಇವೆಲ್ಲ ಬಕಗಳ ಕುಟುಂಬ. ಬಣ್ಣದ ಕೊಕ್ಕರೆ, ಬಾಯ್ಕಳಕ ಇವು ಕೊಕ್ಕರೆಗಳು.

ಹಾರುವಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಬಕ ಕುತ್ತಿಗೆಯನ್ನು ಮಡಿಚಿ ಭುಜದ ನಡುವೆ ಎಳೆದುಕೊಂಡು ಹಾರುತ್ತದೆ. ಕೊಕ್ಕರೆ, ಕೆಂಬರಲು, ಚಮಚ ಕೊಕ್ಕು, ರಾಜಹಂಸ ಇವು ಕುತ್ತಿಗೆಯನ್ನು ಮುಂದಕ್ಕೆ ನೀಡಿ ಹಾರುತ್ತವೆ. ಆಕಾಶದಲ್ಲಿ ಕಪ್ಪು ನೆರಳಾಗಿ ಕಂಡರೂ ಈ ಒಂದು ಗುರುತು ಸಾಕಾಗುತ್ತದೆ. ಬಕದ ಕುತ್ತಿಗೆಯ ಒಂದು ಮೂಳೆ ಉಳಿದವುಗಳಿಗಿಂತ ಉದ್ದವಾಗಿದ್ದು, ಅಲ್ಲಿ ಕುತ್ತಿಗೆ ‘ಎಸ್’ ಆಕಾರಕ್ಕೆ ಮಡಿಚಿಕೊಳ್ಳುತ್ತದೆ. ಅದುಮಿಟ್ಟ ಸ್ಪ್ರಿಂಗಿನಂತೆ ಆ ಮಡಿಕೆ ಬಿಚ್ಚಿಕೊಂಡಾಗ ಕೊಕ್ಕು ಮೀನಿನತ್ತ ಚಿಮ್ಮುತ್ತದೆ. ‘ಬಕಧ್ಯಾನ’ ಎಂಬ ಮಾತು ಹುಟ್ಟಿದ್ದು ಈ ಬೇಟೆಯ ಕ್ರಮದಿಂದಲೇ. ಬಕ ಕಣ್ಣಿನಿಂದ ಬೇಟೆಯಾಡುತ್ತದೆ. ಅಲುಗಾಡಿದರೆ ಮೀನು ಓಡುತ್ತದೆ, ನೀರು ಕದಡುತ್ತದೆ, ಆದ್ದರಿಂದ ಕದಲದೆ ನಿಲ್ಲುತ್ತದೆ.

ಬಣ್ಣದ ಕೊಕ್ಕರೆಯ ಕ್ರಮ ಇದಕ್ಕೆ ತದ್ವಿರುದ್ಧ. ಅದು ನಡೆಯುತ್ತಾ, ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅದ್ದಿಕೊಂಡು, ಕಾಲಿನಿಂದ ತಳವನ್ನು ಕೆದಕುತ್ತದೆ. ಮೀನು ಕೊಕ್ಕಿಗೆ ತಗುಲಿದ ಕ್ಷಣ ಕೊಕ್ಕು ಮುಚ್ಚಿಕೊಳ್ಳುತ್ತದೆ. ನೀರು ಎಷ್ಟು ಕದಡಿದ್ದರೂ ಅದಕ್ಕೆ ಚಿಂತೆಯಿಲ್ಲ, ಏಕೆಂದರೆ ಅದು ನೋಡುವುದಿಲ್ಲ, ಮುಟ್ಟಿ ತಿಳಿಯುತ್ತದೆ. ದೂರದಿಂದ ಬಣ್ಣವೇನೂ ಕಾಣದಿದ್ದರೂ, ನಿಂತು ಕಾಯುವುದು ಬಕ, ನಡೆದು ತಡಕುವುದು ಕೊಕ್ಕರೆ ಎಂದು ಮೊದಲ ಊಹೆ ಮಾಡಬಹುದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಈ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ (ಪೆಲಿಕನ್) ಊರಿನೊಳಗಿನ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಹೊಸಬರಿಗೆ ಇಷ್ಟು ಹತ್ತಿರದಿಂದ ನೋಡಲು ಸಿಗುವ ಜಾಗ ಕಡಿಮೆ.

ಬಿಳಿ ಬೆಳ್ಳಕ್ಕಿಗಳು ನಾಲ್ಕು

‘ಬಿಳಿ ಹಕ್ಕಿ, ಉದ್ದ ಕಾಲು’ ಎಂದರೆ ನಮ್ಮ ಕೆರೆಗಳಲ್ಲಿ ನಾಲ್ಕು ಬೆಳ್ಳಕ್ಕಿಗಳಲ್ಲಿ ಒಂದಾಗಿರಬಹುದು. ದನಗಳ ಹಿಂದೆ, ಉಳುವ ಟ್ರ್ಯಾಕ್ಟರಿನ ಹಿಂದೆ ಹೋಗುವುದು ಗೋವಕ್ಕಿ: ಕುತ್ತಿಗೆ ಗಿಡ್ಡ, ಕೊಕ್ಕು ಹಳದಿ. ಗೂಡಿನ ಕಾಲದಲ್ಲಿ ತಲೆ, ಕುತ್ತಿಗೆಗೆ ಕಿತ್ತಳೆ ಬಣ್ಣ ಬರುತ್ತದೆ.

ಚಿಕ್ಕ ಬೆಳ್ಳಕ್ಕಿಯ ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ. ಕಾಲನ್ನು ಎತ್ತಿದಾಗಲೋ ಹಾರಿದಾಗಲೋ ಈ ಹಳದಿ ಪಾದ ಕಾಣುತ್ತದೆ. ಒಮ್ಮೆ ಕಂಡರೆ ಮತ್ತೆ ಮರೆಯುವುದಿಲ್ಲ.

ಉಳಿದ ಎರಡು, ಅಂದರೆ ಮಧ್ಯಮ ಮತ್ತು ದೊಡ್ಡ ಬೆಳ್ಳಕ್ಕಿ, ಹಲವು ವರ್ಷ ನೋಡಿದವರನ್ನೂ ತಡೆದು ನಿಲ್ಲಿಸುತ್ತವೆ. ಎರಡಕ್ಕೂ ಹೆಚ್ಚಿನ ಕಾಲ ಹಳದಿ ಕೊಕ್ಕು, ಗೂಡಿನ ಕಾಲದಲ್ಲಿ ಎರಡರದ್ದೂ ಕಪ್ಪಾಗುತ್ತದೆ. ಗಾತ್ರ ಪಕ್ಕಪಕ್ಕದಲ್ಲಿ ನಿಂತಾಗ ಮಾತ್ರ ಸಹಾಯಕ್ಕೆ ಬರುತ್ತದೆ. ನಂಬಬಹುದಾದ ಗುರುತು ಬಾಯಿಯ ಗೆರೆ. ಕೊಕ್ಕು ಸೀಳಿಕೊಂಡು ಮುಖದ ಮೇಲೆ ಹಿಂದಕ್ಕೆ ಹೋಗುವ ಆ ಗೆರೆ ಮಧ್ಯಮ ಬೆಳ್ಳಕ್ಕಿಯಲ್ಲಿ ಕಣ್ಣಿನ ಕೆಳಗೆ ನಿಲ್ಲುತ್ತದೆ, ದೊಡ್ಡದರಲ್ಲಿ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಇದನ್ನು ನೋಡಲು ಹಕ್ಕಿ ಹತ್ತಿರವಿರಬೇಕು, ದುರ್ಬೀನು ಕೈಯಲ್ಲಿರಬೇಕು. ಕಾಣದಿದ್ದ ದಿನ ‘ಬೆಳ್ಳಕ್ಕಿ’ ಎಂದಷ್ಟೇ ಬರೆದುಕೊಳ್ಳಿ. ಅದು ಸರಿಯಾದ ಉತ್ತರವೇ.

ತೇಲುವುದೆಲ್ಲ ಬಾತುಕೋಳಿಯಲ್ಲ

ಬೆಂಗಳೂರಿನ ಕೆರೆಗಳ ಸುತ್ತ ನಡೆದಾಡುವವರು ‘ಕಪ್ಪು ಬಾತುಕೋಳಿ’ ಎನ್ನುವ ಹಕ್ಕಿ ಬಹಳ ಸಲ ನಾಮದ ಕೋಳಿ. ಮೈಯೆಲ್ಲ ಕಪ್ಪು, ಬಿಳಿ ಕೊಕ್ಕು, ಹಣೆಯ ಮೇಲೂ ಬಿಳಿ ನಾಮ. ಇದು ಜಂಬುಕೋಳಿ, ಹುಂಡುಕೋಳಿಗಳ ನೆಂಟ. ಬಾತಿನ ಪಾದದಲ್ಲಿ ಬೆರಳುಗಳ ನಡುವೆ ಚರ್ಮದ ಪರದೆ ಇರುತ್ತದೆ. ನಾಮದ ಕೋಳಿಯ ಒಂದೊಂದು ಬೆರಳಿಗೂ ಬೇರೆಬೇರೆಯಾಗಿ ಎಲೆಯಂಥ ಹಾಲೆಗಳಿವೆ. ಹಾರಲು ಅದು ನೀರಿನ ಮೇಲೆ ಬಹಳ ದೂರ ಪಟಪಟನೆ ಓಡಬೇಕು.

ಪಾರಿವಾಳಕ್ಕಿಂತ ಚಿಕ್ಕದಾದ, ಬಾಲವೇ ಇಲ್ಲದಂತೆ ಕಾಣುವ ಗುಂಡು ಹಕ್ಕಿಯೊಂದು ನೋಡುತ್ತಿದ್ದಂತೆ ಮುಳುಗಿ ಬೇರೆಲ್ಲೋ ಎದ್ದರೆ ಅದು ಗುಳುಮುಳುಕ. ಹೆಸರಿನಲ್ಲೇ ಅದರ ಕೆಲಸವಿದೆ. ನೀರಿನ ಮೇಲೆ ಹಾವಿನಂಥ ಕುತ್ತಿಗೆ ಮಾತ್ರ ಕಂಡರೆ ಹಾವಕ್ಕಿ. ನೀರುಕಾಗೆಯೂ ಮೈ ಮುಳುಗಿಸಿ ಈಜುತ್ತದೆ, ಆದರೆ ಅದರ ಕೊಕ್ಕಿನ ತುದಿ ಕೊಂಡಿಯಂತೆ ಬಾಗಿದೆ, ಹಾವಕ್ಕಿಯದು ಸೂಜಿಯಂತೆ ನೇರ. ಒಂದು ಮೀನನ್ನು ಕಚ್ಚಿ ಹಿಡಿಯುತ್ತದೆ, ಇನ್ನೊಂದು ಚುಚ್ಚಿ ಹಿಡಿಯುತ್ತದೆ. ಎರಡರ ಗರಿಗಳೂ ನೀರು ಹೀರುತ್ತವೆ. ಮೈ ಒದ್ದೆಯಾಗಿ ಭಾರವಾದರೆ ಮುಳುಗುವುದು ಸುಲಭ. ಆಮೇಲೆ ಒಣಗಲು ರೆಕ್ಕೆ ಹರಡಿಕೊಂಡು ಬಂಡೆಯ ಮೇಲೆ ಕೂರುತ್ತವೆ.

ಬಾತುಗಳು, ಮತ್ತು ಅವು ಬಣ್ಣ ಕಳಚುವ ಕಾಲ

ನಿಜವಾದ ಬಾತುಗಳಲ್ಲಿ ಮೊದಲು ಇಲ್ಲಿಯೇ ವರ್ಷವಿಡೀ ಇರುವವನ್ನು ಕಲಿಯಿರಿ. ಚುಕ್ಕೆಕೊಕ್ಕಿನ ಬಾತಿನ ಕಪ್ಪು ಕೊಕ್ಕಿಗೆ ಹಳದಿ ತುದಿ, ಬುಡದಲ್ಲಿ ಎರಡು ಕೆಂಪು ಬೊಟ್ಟು. ಸಿಳ್ಳೆಬಾತು ಕಂದು ಮೈಯದು, ಹಾರುವಾಗ ಸಿಳ್ಳೆ ಹಾಕುತ್ತದೆ, ಮರದ ಮೇಲೂ ಕೂರುತ್ತದೆ. ಈ ಎರಡರ ಮೈಕಟ್ಟು ಕಣ್ಣಿಗೆ ಒಗ್ಗಿದರೆ ಚಳಿಗಾಲದಲ್ಲಿ ಬರುವ ಹೊಸ ಮುಖಗಳು ತಾವಾಗಿಯೇ ಬೇರೆಯಾಗಿ ಕಾಣುತ್ತವೆ.

ಉತ್ತರ ಏಷ್ಯಾ, ಯೂರೋಪಿನ ಕಡೆಯಿಂದ ಬರುವ ಅತಿಥಿಗಳಲ್ಲಿ ಮುಖ್ಯವಾದವು ಮೂರು. ಸೂಜಿಬಾಲದ ಬಾತಿಗೆ ಉದ್ದ ಕುತ್ತಿಗೆ, ಚೂಪು ಬಾಲ. ಶೋವೆಲರ್ ಬಾತಿನ ಕೊಕ್ಕು ಸಲಿಕೆಯಂತೆ ತುದಿಗೆ ಅಗಲ. ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿದ್ದು, ನೀರನ್ನು ಸೋಸಿ ಸಣ್ಣ ಜೀವಿಗಳನ್ನು ಉಳಿಸಿಕೊಳ್ಳುತ್ತದೆ, ನಾವು ಜರಡಿ ಹಿಡಿದಂತೆ. ಮೂರನೆಯದು ಗಾರ್ಗನಿ, ಅಂದರೆ ಬಿಳಿಹುಬ್ಬಿನ ಬಾತು.

ಹೊಸಬರು ಸೋಲುವುದು ಇಲ್ಲಿಯೇ. ಕೈಪಿಡಿಯಲ್ಲಿ ಗಾರ್ಗನಿ ಗಂಡಿಗೆ ಎದ್ದುಕಾಣುವ ಬಿಳಿ ಹುಬ್ಬಿದೆ, ಶೋವೆಲರ್ ಗಂಡಿಗೆ ಹಸಿರು ತಲೆಯಿದೆ. ಅಕ್ಟೋಬರಿನಲ್ಲಿ ಕೆರೆಗೆ ಹೋದರೆ ಎಲ್ಲವೂ ಮಾಸಲು ಕಂದು. ಕಾರಣ ಹೀಗಿದೆ. ಗೂಡಿನ ಕಾಲ ಮುಗಿದ ಮೇಲೆ ಬಾತುಗಳು ಹಾರುವ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸುತ್ತವೆ, ಕೆಲವು ವಾರ ಹಾರಲಾರವು. ಆಗ ಗಂಡಿಗೆ ಹೊಳೆಯುವ ಬಣ್ಣ ಅಪಾಯ. ಅದು ಹೆಣ್ಣಿನಂಥ ಮಂಕು ಗರಿ ತೊಡುತ್ತದೆ. ಹೊಸ ರೆಕ್ಕೆ ಬೆಳೆದು ನಮ್ಮ ಕೆರೆ ತಲುಪುವಾಗಲೂ ಅನೇಕ ಗಂಡುಗಳು ಅದೇ ಮಂಕು ವೇಷದಲ್ಲಿರುತ್ತವೆ. ಚಳಿಗಾಲ ಕಳೆಯುತ್ತಾ ಬಣ್ಣ ಮರಳಿ ಬರುತ್ತದೆ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಬಣ್ಣ ಬಿಟ್ಟು ಆಕಾರ ನೋಡಬೇಕು: ಸಲಿಕೆ ಕೊಕ್ಕೋ, ಉದ್ದ ಕುತ್ತಿಗೆಯೋ, ಪುಟ್ಟ ಮೈಯೋ.

ತೇಲುವ ಭಂಗಿಯೂ ಸುಳಿವು ಕೊಡುತ್ತದೆ. ಈ ಮೂರೂ ತೆಳುನೀರಿನ ಬಾತುಗಳು. ಬಾಲ ನೀರಿನಿಂದ ಮೇಲಕ್ಕಿರುತ್ತದೆ, ತಲೆ ಕೆಳಗೆ ಹಾಕಿ ಹಿಂಭಾಗ ಆಕಾಶಕ್ಕೆ ಮಾಡಿ ಮೇಯುತ್ತವೆ, ಹೆದರಿದರೆ ನೀರಿನಿಂದ ನೇರವಾಗಿ ಮೇಲಕ್ಕೆ ಚಿಮ್ಮುತ್ತವೆ. ಪೊಚಾರ್ಡ್‌ನಂಥ ಮುಳುಗು ಬಾತುಗಳ ಬಾಲ ನೀರಿಗೆ ತಾಗುವಂತಿದ್ದು, ಮೈಯೆಲ್ಲ ಮುಳುಗಿಸಿ ತಳಕ್ಕೆ ಹೋಗುತ್ತವೆ. ಹಾರಲು ಅವು ನೀರಿನ ಮೇಲೆ ಓಡಬೇಕು.

ಮಾಗಡಿ ಕೆರೆಯನ್ನು ಹೆಸರುವಾಸಿ ಮಾಡಿದ ಪಟ್ಟೆತಲೆ ಹೆಬ್ಬಾತನ್ನು ಗುರುತಿಸಲು ಕಷ್ಟವಿಲ್ಲ: ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಅದು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತದೆ. ಯಂತ್ರ ಕಟ್ಟಿ ಅದರ ಹಾರಾಟ ಅಳೆದಾಗ 7,000 ಮೀಟರಿಗೂ ಎತ್ತರದಲ್ಲಿ ಹಾರಿದ ದಾಖಲೆ ಸಿಕ್ಕಿದೆ. ತೆಳುವಾದ ಗಾಳಿಯಿಂದಲೂ ಆಮ್ಲಜನಕ ಹಿಡಿದುಕೊಳ್ಳುವ ರಕ್ತ ಅದಕ್ಕಿದೆ. ಕೆರೆ ಅದಕ್ಕೆ ವಿಶ್ರಾಂತಿಯ ಜಾಗ. ಹೊಟ್ಟೆ ತುಂಬಿಸಿಕೊಳ್ಳಲು ಸುತ್ತಲಿನ ಹೊಲಗಳಿಗೆ ಇಳಿಯುತ್ತದೆ. ಆದ್ದರಿಂದ ಹೆಬ್ಬಾತು ಕಾಣಲಿಲ್ಲವೆಂದು ಕೆರೆಯಿಂದ ನೇರ ಮನೆಗೆ ಹೊರಡುವ ಮೊದಲು ಹೊಲಗಳತ್ತ ಒಮ್ಮೆ ಕಣ್ಣು ಹಾಯಿಸಿ.

ಕೆಸರಿನಂಚಿನ ಗೊರವಗಳು

ಎಲ್ಲಕ್ಕಿಂತ ಕಷ್ಟದ ಪಾಠ ಇದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ. ಮೆಟ್ಟುಗಾಲು ಹಕ್ಕಿಯ ಗುಲಾಬಿ ಕಾಲು, ಟಿಟ್ಟಿಭದ ಕೂಗು ಇವು ಬೇಗ ಬರುತ್ತವೆ. ಉಳಿದವು ಕಂದು ಬೆನ್ನು, ಬಿಳಿ ಹೊಟ್ಟೆಯ ಪುಟ್ಟ ಹಕ್ಕಿಗಳು, ಕೆಸರಿನ ಬಣ್ಣವೇ ಮೈಗೆ. ಇವುಗಳಿಗೆ ಕನ್ನಡ ಹೆಸರು ಪುಸ್ತಕದಿಂದ ಪುಸ್ತಕಕ್ಕೆ ಬೇರೆಯಾಗುವುದರಿಂದ ಇಂಗ್ಲಿಷ್ ಹೆಸರನ್ನೂ ತಿಳಿದಿರುವುದು ಒಳ್ಳೆಯದು.

ಮೊದಲು ನಡಿಗೆ ನೋಡಿ. ಪ್ಲವರ್ ಜಾತಿಯ ಹಕ್ಕಿ ಸರಸರ ಓಡುತ್ತದೆ, ತಟ್ಟನೆ ನಿಲ್ಲುತ್ತದೆ, ಬಗ್ಗಿ ಒಂದು ಸಲ ಕುಕ್ಕುತ್ತದೆ, ಮತ್ತೆ ಓಡುತ್ತದೆ. ದೊಡ್ಡ ಕಣ್ಣು, ಗಿಡ್ಡ ಕೊಕ್ಕು. ಅದು ಕಣ್ಣಿನಿಂದ ಹುಳು ಹುಡುಕುತ್ತದೆ. ಸ್ಯಾಂಡ್‌ಪೈಪರ್, ಸ್ನೈಪ್‌ಗಳ ಕೊಕ್ಕು ಹೆಚ್ಚು ಉದ್ದ. ಅವು ನಡೆಯುತ್ತಲೇ ಕೆಸರನ್ನು ಚುಚ್ಚುತ್ತವೆ. ಕೊಕ್ಕಿನ ತುದಿಯಲ್ಲಿ ಸ್ಪರ್ಶ ತಿಳಿಯುವ ಸೂಕ್ಷ್ಮ ಕುಳಿಗಳಿವೆ. ಕತ್ತಲಲ್ಲಿ ಕೀಲಿಕೈ ಹುಡುಕುವ ನಮ್ಮ ಬೆರಳಿನ ಹಾಗೆ ಕೊಕ್ಕು ಮಣ್ಣಿನೊಳಗೆ ತಡಕುತ್ತದೆ.

ಒಳನಾಡಿನ ಕೆರೆಗಳಲ್ಲಿ ಪದೇಪದೇ ಸಿಗುವ ಸ್ಯಾಂಡ್‌ಪೈಪರ್‌ಗಳು ಮೂರು, ಮೂರೂ ಹೆಚ್ಚುಕಡಿಮೆ ಗೊರವಂಕದಷ್ಟೇ. ಕಾಮನ್ ಸ್ಯಾಂಡ್‌ಪೈಪರ್ ಹಿಂಭಾಗವನ್ನು ಎಡೆಬಿಡದೆ ಮೇಲೆ ಕೆಳಗೆ ಕುಣಿಸುತ್ತದೆ. ಎದೆಯ ಬಿಳಿ ಬಣ್ಣ ರೆಕ್ಕೆಯ ಮುಂದೆ ಭುಜದ ಮೇಲಕ್ಕೆ ಏರಿರುತ್ತದೆ. ಏರಿಯ ಕಲ್ಲುಕಟ್ಟಡದ ಮೇಲೆ ಒಂಟಿಯಾಗಿ ಓಡಾಡುವುದು ಬಹುತೇಕ ಇದೇ. ಹಾರಿದರೆ ನೀರಿಗೆ ತಾಗುವಷ್ಟು ಕೆಳಗೆ, ಬಿಗಿ ಹಿಡಿದ ರೆಕ್ಕೆಯನ್ನು ನಡುಗಿಸುತ್ತಾ ಸಾಗುತ್ತದೆ. ವುಡ್ ಸ್ಯಾಂಡ್‌ಪೈಪರ್‌ನ ಬೆನ್ನ ಮೇಲೆ ಚುಕ್ಕೆಗಳು, ಕಣ್ಣಿನ ಹಿಂದಕ್ಕೂ ಎಳೆದ ತಿಳಿ ಹುಬ್ಬು, ಹಳದಿ ಬೆರೆತ ಕಾಲು. ಗ್ರೀನ್ ಸ್ಯಾಂಡ್‌ಪೈಪರ್ ಹೆಚ್ಚು ಕಪ್ಪು, ಹುಬ್ಬು ಕಣ್ಣಿನ ಮುಂದೆಯೇ ನಿಲ್ಲುತ್ತದೆ. ಇವೆರಡರ ಬಗ್ಗೆ ಅನುಮಾನ ಉಳಿದರೆ ಹಾರುವವರೆಗೆ ಕಾಯಿರಿ. ಎರಡಕ್ಕೂ ಬಾಲದ ಬುಡ ಬಿಳಿ, ಆದರೆ ರೆಕ್ಕೆಯ ಕೆಳಭಾಗ ಗ್ರೀನ್‌ನಲ್ಲಿ ಕಪ್ಪು, ವುಡ್‌ನಲ್ಲಿ ತಿಳಿ. ಹಾರಿಸಲೆಂದು ಅದರತ್ತ ನಡೆಯಬೇಡಿ. ಮೇಲೆ ಹದ್ದು ಸುಳಿದರೆ ಅವು ತಾವೇ ಏಳುತ್ತವೆ. ದೂರ ಹಾರಿಬಂದ ಹಕ್ಕಿಗೆ ಪ್ರತಿ ಅನಗತ್ಯ ಹಾರಾಟವೂ ಉಂಡ ಅನ್ನದ ನಷ್ಟ.

ಯಾವಾಗ, ಏನು ಹಿಡಿದು ಹೋಗಬೇಕು?

ಬೆಳಿಗ್ಗೆ ಬೇಗ ಅಥವಾ ಸಂಜೆ, ಸೂರ್ಯ ನಿಮ್ಮ ಬೆನ್ನಿಗಿರುವ ದಡದಲ್ಲಿ ನಿಲ್ಲಿ. ದುರ್ಬೀನಿನ ಮೇಲಿನ 8×42 ಎಂಬ ಬರಹದಲ್ಲಿ 8 ಎಂದರೆ ಎಂಟು ಪಟ್ಟು ಹತ್ತಿರ, 42 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಆರಂಭಕ್ಕೆ ಅದು ಸರಿಯಾದ ಅಳತೆ. ಇನ್ನೂ ಹೆಚ್ಚು ಪಟ್ಟಿನದು ಕೊಂಡರೆ ಕೈ ನಡುಗಿದಂತೆ ಚಿತ್ರವೂ ನಡುಗುತ್ತದೆ. ಒಂದು ಪುಟ್ಟ ನೋಟ್‌ಬುಕ್ ಇರಲಿ. ಫೋಟೋ ತೆಗೆಯುವ ಮೊದಲು ಕೊಕ್ಕು, ಕಾಲು, ನಡಿಗೆಯ ಬಗ್ಗೆ ಮೂರು ಸಾಲು ಬರೆಯಿರಿ, ಬರೆಯಹೊರಟರೆ ಕಣ್ಣು ತಾನಾಗಿ ವಿವರ ಹುಡುಕುತ್ತದೆ.

ಮನೆಗೆ ಹತ್ತಿರದ ಒಂದೇ ಕೆರೆಗೆ ಮತ್ತೆ ಮತ್ತೆ ಹೋಗುವುದು ಹತ್ತು ಹೊಸ ಜಾಗ ಸುತ್ತುವುದಕ್ಕಿಂತ ಹೆಚ್ಚು ಕಲಿಸುತ್ತದೆ. ಪ್ರತಿ ಜನವರಿಯಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ. 1987ರಲ್ಲಿ ಆರಂಭವಾದ ಈ ಗಣತಿಯಲ್ಲಿ ಸ್ವಯಂಸೇವಕರೇ ಎಣಿಸುತ್ತಾರೆ. ಹೊಸಬರು ಅನುಭವಿಗಳ ಜೊತೆ ಲೆಕ್ಕ ಬರೆದುಕೊಳ್ಳುತ್ತಾ ಹೋದರೆ ಒಂದು ಬೆಳಿಗ್ಗೆಯಲ್ಲಿ ಕಲಿಯುವುದು ಬಹಳ.

ಅಕ್ಟೋಬರಿನಲ್ಲಿ ಹೆಸರು ಹತ್ತದ ಕಂದು ಬಾತುಗಳನ್ನು ಫೆಬ್ರವರಿ, ಮಾರ್ಚಿನಲ್ಲಿ ಅದೇ ಕೆರೆಯಲ್ಲಿ ಮತ್ತೊಮ್ಮೆ ನೋಡಿ. ಅಷ್ಟು ಹೊತ್ತಿಗೆ ಗಾರ್ಗನಿ ಗಂಡಿಗೆ ಬಿಳಿ ಹುಬ್ಬು ಮೂಡಿರುತ್ತದೆ, ಶೋವೆಲರ್‌ನ ತಲೆ ಹಸಿರಾಗಿ ಹೊಳೆಯುತ್ತಿರುತ್ತದೆ. ಕೈಪಿಡಿಯ ಚಿತ್ರ ಕೊನೆಗೂ ಹಕ್ಕಿಗೆ ಹೊಂದುವ ಆ ದಿನಗಳಲ್ಲೇ ಅವು ಉತ್ತರಕ್ಕೆ ಹೊರಡಲು ಸಜ್ಜಾಗಿರುತ್ತವೆ.